ಅಂಗಡಿ ಕಟ್ಟೆಯಿಂದ: ಡೀಸೆಲ್ ಗಾಡಿ ಕೊಳ್ಳುವ ಮುನ್ನ



ಅಕ್ಷಯ ತೃತೀಯಾ ಹತ್ತಿರ ಬಂತೆಂದರೆ ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ಮನೆಗಳಲ್ಲಿ ಹೊಸ ಗಾಡಿಯ ಮಾತು ಏಳುತ್ತದೆ. ಹಿರಿಯರು ‘ತಂದರೆ ಡೀಸೆಲ್ಲೇ ತರೋಣ’ ಎನ್ನುತ್ತಾರೆ. ಚಿರಂಜೀವಿಗಳು ‘ಡೀಸೆಲ್ ಕಾಲ ಮುಗೀತು ಅಪ್ಪಾಜಿ’ ಎನ್ನುತ್ತಾರೆ. ಇಬ್ಬರ ಮಾತೂ ಅರ್ಧ ನಿಜ. ಹತ್ತು-ಹನ್ನೆರಡು ಲಕ್ಷ ರೂಪಾಯಿ ಹಾಕುವವರಿಗೆ ಅರ್ಧ ನಿಜ ಸಾಲದು.

ಹಿರಿಯರ ಹಟಕ್ಕೆ ಕಾರಣವಿದೆ. 1990ರ ದಶಕದಲ್ಲಿ ಡೀಸೆಲ್ ದರ ಪೆಟ್ರೋಲಿನ ಅರ್ಧಕ್ಕಿಂತ ಕಡಿಮೆಯಿತ್ತು. ಮ್ಯಾಟಡೋರ್, ಟ್ರ್ಯಾಕ್ಸ್, ಮಹೀಂದ್ರಾ ಜೀಪು, 1986ರಲ್ಲಿ ಬಂದ ಟಾಟಾ 407 ಇವುಗಳ ಮೇಲೆಯೇ ಉದಗೀರದ ಮೋಂಢಾದಿಂದ ಲಾತೂರಿಗೆ ತೊಗರಿ ಹೋಗುತ್ತಿತ್ತು, ಸೋಲಾಪುರದಿಂದ ಉಮರ್ಗಾಕ್ಕೆ ಕಿರಾಣಿ ಸಾಮಾನು ಬರುತ್ತಿತ್ತು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿ ಕಾಯಿಸಿ ಅದರೊಳಗೆ ಡೀಸೆಲ್ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಆ ಒತ್ತಡ ತಾಳಬೇಕೆಂದೇ ಬ್ಲಾಕು, ಕ್ರ್ಯಾಂಕು ದಪ್ಪ ಮಾಡುತ್ತಾರೆ. ತಿರುಗುವ ವೇಗವೂ ಕಡಿಮೆ. ಬಾಳಿಕೆಯ ಗುಟ್ಟು ಇದೇ. ಸವೆದರೆ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ ಮತ್ತೆ ಓಡಿಸುತ್ತಿದ್ದೆವು. ಲೀಟರಿಗೆ ಲೀಟರು ನೋಡಿದರೆ ಡೀಸೆಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಶೇ. 10ರಷ್ಟು ಹೆಚ್ಚು ಶಕ್ತಿಯೂ ಇದೆ.

ಆದರೆ 2014ರ ಅಕ್ಟೋಬರಿನಲ್ಲಿ ಸರಕಾರ ಡೀಸೆಲ್ ದರದ ಮೇಲಿನ ಹಿಡಿತ ಬಿಟ್ಟಿತು. ಅಗ್ಗದ ಎಣ್ಣೆಯ ಕಾಲ ಅಲ್ಲಿಗೆ ಮುಗಿಯಿತು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಬಂತು. ಮಾರುತಿಯವರು ಡೀಸೆಲ್ ಕಾರನ್ನೇ ನಿಲ್ಲಿಸಿದರು. ಸಣ್ಣ ಡೀಸೆಲ್ ಕಾರು ಬೇಕೆಂದರೆ ಈಗ ಶೋರೂಮಿನಲ್ಲಿ ಸಿಗುವುದೇ ಅಪರೂಪ. ಉಳಿದಿರುವುದು ಬೊಲೆರೊ, ಪಿಕಪ್, ಟ್ರ್ಯಾಕ್ಸ್‌ನಂಥ ದುಡಿಯುವ ಗಾಡಿಗಳು, ಮತ್ತೆ ದೊಡ್ಡ ಕಾರುಗಳು.

ಇನ್ನೊಂದು ಸಂಗತಿ ಅನೇಕರಿಗೆ ಗೊತ್ತಿಲ್ಲ. ಬಿ.ಎಸ್. 6 ಡೀಸೆಲ್ ಗಾಡಿಯ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಗಾಡಿ ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿ ಕಾದಾಗ ಆ ಮಸಿ ಸುಟ್ಟು ಹೋಗುತ್ತದೆ. ಮನೆಯಿಂದ ಅಂಗಡಿ, ಅಂಗಡಿಯಿಂದ ಮೋಂಢಾ ಎಂದು ಎರಡೆರಡು ಕಿಲೋಮೀಟರು ಓಡಿಸಿದರೆ ಜಾಲರಿ ಕಟ್ಟಿ ದೀಪ ಹತ್ತುತ್ತದೆ, ಖರ್ಚು ಬರುತ್ತದೆ. ಮುನಿಸಂಘದ ವಿಹಾರದಲ್ಲಿ ಚೌಕಾದ ಸಾಮಾನು ಹೊತ್ತು ದಿನಕ್ಕೆ ಹತ್ತು-ಹದಿನೈದು ಕಿಲೋಮೀಟರು ತೆವಳುವ ಗಾಡಿಗೂ ಇದೇ ಪಾಡು. ನಡುವೆ ಒಮ್ಮೆ ಹೆದ್ದಾರಿಗೆ ಒಯ್ದು ಓಡಿಸಿ ತರಬೇಕು. ಸೀಮೆಎಣ್ಣೆ ಬೆರೆತ ಡೀಸೆಲ್ಲನ್ನು ಹಳೆಯ ಜೀಪು ಹೇಗೋ ಸಹಿಸುತ್ತಿತ್ತು. ಸಾವಿರ ಬಾರ್‌ಗಿಂತ ಹೆಚ್ಚು ಒತ್ತಡದಲ್ಲಿ ಕೆಲಸ ಮಾಡುವ ಈಗಿನ ಪಂಪು, ಇಂಜೆಕ್ಟರು ಸಹಿಸುವುದಿಲ್ಲ. (ಅಂಗಡಿ ಮುಂದೆ ಎಂಜಿನ್ ಬಂದ್ ಮಾಡದೆ ಹರಟೆಗೆ ನಿಲ್ಲುವುದಂತೂ ಅನರ್ಥದಂಡವೇ ಸರಿ.)

ಈಗ ಲೆಕ್ಕಕ್ಕೆ ಬರೋಣ. ಪೆಟ್ರೋಲ್ 105 ರೂಪಾಯಿ, ಗಾಡಿ ಹದಿನೇಳೂವರೆ ಕಿಲೋಮೀಟರು ಕೊಡುತ್ತದೆ ಎಂದು ಹಿಡಿಯಿರಿ. ಕಿಲೋಮೀಟರಿಗೆ 6 ರೂಪಾಯಿ. ಡೀಸೆಲ್ 92, ಗಾಡಿ 23 ಕೊಟ್ಟರೆ 4 ರೂಪಾಯಿ. ಉಳಿತಾಯ 2 ರೂಪಾಯಿ. ಅದೇ ಕಾರಿನ ಡೀಸೆಲ್ ಮಾದರಿಗೆ ಒಂದೂವರೆ ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ಮರಳಿ ಬರಲು 75,000 ಕಿಲೋಮೀಟರು ಓಡಬೇಕು. ತಿಂಗಳಿಗೆ 2,000 ಓಡಿಸುವ ಅಡತಿಯವನಿಗೆ ಮೂರು ವರ್ಷದ ಮೇಲೆ ಸ್ವಲ್ಪ. ವಾರಕ್ಕೊಮ್ಮೆ ಲಾತೂರು, ವರ್ಷಕ್ಕೊಮ್ಮೆ ಕುಂಥಲಗಿರಿ ಎಂದು ತಿಂಗಳಿಗೆ 500 ಓಡಿಸುವ ಬಟ್ಟೆ ಅಂಗಡಿಯವನಿಗೆ ಹನ್ನೆರಡೂವರೆ ವರ್ಷ! ನಿಮ್ಮ ಪಂಪಿನ ಇಂದಿನ ದರ ಹಾಕಿ ನೀವೇ ಮಾಡಿ ನೋಡಿ. ನನ್ನ ಮಟ್ಟಿಗೆ, ಭಾರ ಹೊರುವ ಪಿಕಪ್ಪಿಗೆ ಡೀಸೆಲ್ಲೇ ಸರಿ. ಮನೆಯ ಕಾರಿಗೆ ಪೆಟ್ರೋಲ್ ಸಾಕು. ಸಿ.ಎನ್.ಜಿ. ಬೇಕೆನ್ನುವವರು ತಮ್ಮ ದಾರಿಯಲ್ಲಿ ಪಂಪು ಎಲ್ಲಿದೆ ಎಂದು ಮೊದಲು ನೋಡಲಿ.

ದಿಲ್ಲಿಯ ಹಳೆಯ ಡೀಸೆಲ್ ಕಾರುಗಳ ಆಸೆ ತೋರಿಸುವ ದಲ್ಲಾಳಿಗಳೂ ಇದ್ದಾರೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ, ಸುಪ್ರೀಂ ಕೋರ್ಟ್ 2018ರಲ್ಲಿ ಆದೇಶ ಮಾಡಿದ ಮೇಲೆ ಅಂಥವು ಹೊರ ರಾಜ್ಯಗಳಿಗೆ ಅಗ್ಗಕ್ಕೆ ಹರಿದವು. ನೋಡಲು ಥಳಥಳ. ಆದರೆ ಅಲ್ಲಿಯ ಆರ್.ಟಿ.ಓ.ದ ಎನ್.ಓ.ಸಿ. ಬೇಕು, ಮಹಾರಾಷ್ಟ್ರದ ತೆರಿಗೆ ಬೇರೆ ಕಟ್ಟಬೇಕು, ನೋಂದಣಿಯ 15 ವರ್ಷವನ್ನು ಮೊದಲ ನೋಂದಣಿಯ ದಿನದಿಂದಲೇ ಎಣಿಸುತ್ತಾರೆ. ಬೀದರದಲ್ಲಿ ಕೊಂಡು ಕೆ.ಎ. 38 ನಂಬರಿನಲ್ಲೇ ಉದಗೀರದಲ್ಲಿ ಇಟ್ಟುಕೊಂಡವರಿಗೂ ಹನ್ನೆರಡು ತಿಂಗಳ ಮೇಲೆ ನಂಬರು ಬದಲಿಸುವ ನಿಯಮವಿದೆ. ಎನ್.ಓ.ಸಿ. ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ.