‘ಸ್ಕೂಲ್’ ಎಂಬ ಶಬ್ದದ ಅರ್ಥವೂ ನಮ್ಮ ಹೆಣ್ಣುಮಕ್ಕಳ ಬಿಡುವೂ

ಇಂಗ್ಲಿಷ್ ಭಾಷೆಯಿಂದ ನಮ್ಮ ಮನೆಗಳೊಳಗೆ ಬಂದು ನೆಲೆಸಿದ ಶಬ್ದಗಳಲ್ಲಿ ‘ಸ್ಕೂಲ್’ ಎಂಬುದು ಅತಿ ಪರಿಚಿತವಾದುದು. ಅಕ್ಷರವನ್ನರಿಯದ ಅಜ್ಜಿಯೂ ಅದನ್ನು ‘ಇಸ್ಕೂಲು’ ಎಂದು ತನ್ನದಾಗಿ ಮಾಡಿಕೊಂಡಿರುವಳು. ಇಷ್ಟು ಬಳಕೆಯಾದ ಮಾತಿಗೆ ಮೂಲಾರ್ಥವೇನೆಂದು ಕೇಳಿದರೆ, ಪಾಠ ಹೇಳುವ ಸ್ಥಳವೆಂದೇ ಹೆಚ್ಚಿನವರು ಉತ್ತರ ಕೊಡುವರು. ಆದರೆ ಅದರ ಮೂಲಾರ್ಥವು ಪಾಠವೂ ಅಲ್ಲ, ಸ್ಥಳವೂ ಅಲ್ಲ, ಬಿಡುವು.

ಪ್ರಾಚೀನ ಗ್ರೀಕರ ಭಾಷೆಯಲ್ಲಿ ‘ಸ್ಖೋಲೆ’ ಎಂದರೆ ವಿರಾಮ, ಕೆಲಸದಿಂದ ದೊರೆತ ಬಿಡುವು. ಕಾಲಕ್ರಮದಲ್ಲಿ ಆ ಬಿಡುವಿನೊಳಗೆ ನಡೆಯುವ ವಿಚಾರ ವಿನಿಮಯಕ್ಕೂ ಉಪನ್ಯಾಸಕ್ಕೂ ಅದೇ ಹೆಸರಾಯಿತು. ಕಡೆಗೆ ಉಪನ್ಯಾಸವು ನಡೆಯುವ ಸ್ಥಳಕ್ಕೂ ಆ ಹೆಸರೇ ನಿಂತಿತು. ಲ್ಯಾಟಿನಿನಲ್ಲಿ ಅದು ‘ಸ್ಖೋಲಾ’ ಎನಿಸಿಕೊಂಡು, ಅಲ್ಲಿಂದ ಹಳೆಯ ಇಂಗ್ಲಿಷಿಗೆ ಬಂದಿತು. ಜರ್ಮನರ ‘ಶೂಲೆ’ಯೂ ಫ್ರೆಂಚರ ‘ಏಕೋಲ್’ ಎಂಬುದೂ ಇದರ ಒಡಹುಟ್ಟುಗಳೇ. ಮೀನುಗಳ ಹಿಂಡಿಗೆ ಇಂಗ್ಲಿಷಿನಲ್ಲಿ ಹೇಳುವ ‘ಸ್ಕೂಲ್’ ಮಾತ್ರ ಡಚ್ಚರ ಕಡೆಯಿಂದ ಬಂದ ಬೇರೊಂದು ಶಬ್ದ. ಗ್ರೀಕರು ಉದ್ಯೋಗಕ್ಕೆ ‘ಅಸ್ಖೋಲಿಯಾ’ ಎನ್ನುತ್ತಿದ್ದರು. ‘ಬಿಡುವಿಲ್ಲದಿರುವಿಕೆ’ ಎಂದು ಅದರ ಅರ್ಥ. ಬಿಡುವೇ ಮೂಲ, ದುಡಿಮೆಯು ಅದರ ಅಭಾವ, ಎಂಬ ಭಾವನೆಯು ಆ ಭಾಷೆಯಲ್ಲಿಯೇ ಅಡಗಿದ್ದಿತು. ಮನುಷ್ಯನು ದುಡಿಯುವುದೇ ಬಿಡುವನ್ನು ಗಳಿಸುವುದಕ್ಕಾಗಿ ಎಂಬುದು ಅರಿಸ್ಟಾಟಲನ ಅಭಿಪ್ರಾಯವೂ ಆಗಿದ್ದಿತು.

ನಮ್ಮ ‘ಶಾಲೆ’ ಎಂಬುದು ಸಂಸ್ಕೃತದಿಂದ ಬಂದುದು. ಅದಕ್ಕೆ ಮನೆ, ಚಾವಡಿ ಎಂದರ್ಥ. ಗೋಶಾಲೆ, ಪಾಕಶಾಲೆಗಳಲ್ಲಿರುವುದೂ ಅದೇ ಶಬ್ದ. ಹಿಂದೆ ಹಳ್ಳಿಯ ಹುಡುಗರು ಓದುತ್ತಿದ್ದ ‘ಕೂಲಿಮಠ’ವೂ ಸ್ಥಳವನ್ನೇ ಸೂಚಿಸುವುದು. ಹೀಗೆ ನಮ್ಮ ಹೆಸರು ವಿದ್ಯೆಗೆ ಬೇಕಾದ ಸ್ಥಳವನ್ನು ಹೇಳಿದರೆ, ಗ್ರೀಕರ ಹೆಸರು ವಿದ್ಯೆಗೆ ಬೇಕಾದ ಕಾಲವನ್ನು ಹೇಳುವುದು. ಎರಡೂ ಕೂಡಿದಲ್ಲದೆ ವಿದ್ಯೆಯು ಕೈಗೂಡದೆಂಬುದು ನಮ್ಮ ನಂಬಿಕೆ.

ಆದರೆ ಆ ಗ್ರೀಕರ ಬಿಡುವು ಯಾರದಾಗಿದ್ದಿತು? ಅಥೆನ್ಸಿನ ಗಂಡಸರು ಕುಳಿತು ತತ್ತ್ವವಿಚಾರ ಮಾಡುತ್ತಿದ್ದಾಗ ದಾಸರು ದುಡಿಯುತ್ತಿದ್ದರು. ಮನೆಯೊಳಗೆ ಹೆಂಗಸರು ಉಣ್ಣೆಯನ್ನು ನೂತು ಬಟ್ಟೆ ನೇಯುತ್ತಿದ್ದರು. ಆ ಊರಿನ ಹೆಣ್ಣುಮಕ್ಕಳು ಸಾಮಾನ್ಯವಾಗಿ ಪಾಠಶಾಲೆಯ ಮುಖವನ್ನೇ ಕಾಣಲಿಲ್ಲ. ಒಬ್ಬರ ಬಿಡುವಿಗೆ ಇನ್ನೊಬ್ಬರ ದುಡಿಮೆಯೇ ಬೆಲೆಯಾಗಿದ್ದಿತು. ಈ ಲೆಕ್ಕವು ಗ್ರೀಕರೊಂದಿಗೇ ಮುಗಿದುಹೋಯಿತೆಂದು ನಾವು ಹೇಳಲಾರೆವು.

ಭಾರತ ಸರಕಾರವು 6 ವರ್ಷದಿಂದ ಮೇಲ್ಪಟ್ಟವರು ದಿನವನ್ನು ಹೇಗೆ ಕಳೆಯುವರೆಂದು 2019ರಲ್ಲಿಯೂ 2024ರಲ್ಲಿಯೂ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ, 2019ರಲ್ಲಿ ಸ್ತ್ರೀಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಪುರುಷರು 97 ನಿಮಿಷಗಳನ್ನೂ ಅದಕ್ಕೆ ವ್ಯಯಿಸಿದರು. 2024ರಲ್ಲಿ ಸ್ತ್ರೀಯರದು 289, ಪುರುಷರದು 88. ಐದು ವರ್ಷಗಳಲ್ಲಿ ಸ್ತ್ರೀಯರ ಹೊರೆಯು 10 ನಿಮಿಷ ಇಳಿದರೆ ಪುರುಷರದು 9 ನಿಮಿಷ ಇಳಿಯಿತು. ಹೊರೆಯು ತುಸು ಕುಗ್ಗಿತೇ ಹೊರತು ಹಂಚಿಕೆಯಾಗಲಿಲ್ಲ.

ಹೆಣ್ಣುಮಗಳು ಮನೆಗೆಲಸವನ್ನು ಕಲಿಯಬಾರದೇ ಎಂದು ಹಿರಿಯರು ಕೇಳಬಹುದು. ಅವಶ್ಯವಾಗಿ ಕಲಿಯಲಿ, ಅನ್ನ ಬೇಯಿಸುವುದೂ ಮನೆಯನ್ನು ಚೊಕ್ಕಟವಾಗಿಡುವುದೂ ಯಾರಿಗೂ ಕುಂದಲ್ಲ. ಅದು ಕುಂದಲ್ಲದಿದ್ದರೆ ಅವಳ ಅಣ್ಣ ತಮ್ಮಂದಿರಿಗೂ ಕುಂದಲ್ಲ. ಒಂದೇ ಮನೆಯಲ್ಲಿ ಒಂದೇ ತರಗತಿಯ ಪುಸ್ತಕವನ್ನು ಓದುವ ಇಬ್ಬರಲ್ಲಿ, ಸಾಯಂಕಾಲ ಒಬ್ಬನು ಪುಸ್ತಕದ ಮುಂದೆಯೂ ಒಬ್ಬಳು ಪಾತ್ರೆಗಳ ಮುಂದೆಯೂ ಕುಳಿತರೆ, ಅವಳಿಗೆ ಶಾಲೆಯುಂಟು, ‘ಸ್ಖೋಲೆ’ಯಿಲ್ಲ. ಬಿಡುವು ಎಂದರೆ ಆಲಸ್ಯವೂ ಅಲ್ಲ. ಆಲಸಿಯು ಕಾಲವನ್ನು ಕಳೆದುಕೊಳ್ಳುವನು. ಬಿಡುವುಳ್ಳವಳು ಓದಿದುದನ್ನು ಮನನ ಮಾಡುವಳು, ಪ್ರಶ್ನೆಯನ್ನು ಹುಟ್ಟಿಸಿಕೊಳ್ಳುವಳು. ಪರೀಕ್ಷೆಗಾಗಿ ಉರು ಹೊಡೆಯುವುದಕ್ಕೆ ಅವಸರದ ಗಳಿಗೆ ಸಾಕಾದೀತು, ತಿಳಿಯುವುದಕ್ಕೆ ಸಾಲದು.

ಆದುದರಿಂದ ಮಾತಾಪಿತೃಗಳಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ, ಶುಲ್ಕವನ್ನೂ ಪುಸ್ತಕವನ್ನೂ ಕೊಟ್ಟಮಾತ್ರಕ್ಕೆ ಮಗಳನ್ನು ಓದಿಸಿದಂತಾಯಿತೆಂದು ಎಣಿಸಬಾರದು. ದಿನಕ್ಕೆ ಒಂದು ಗಂಟೆಯನ್ನಾದರೂ, ಯಾರೂ ಕೆಲಸಕ್ಕೆ ಕರೆಯದ ಒಂದು ಗಂಟೆಯನ್ನು, ಅವಳಿಗೆಂದು ಮೀಸಲಿಡಿರಿ. ಅವಳು ಬಿಟ್ಟ ಕೆಲಸವನ್ನು ತಾಯಿಯ ತಲೆಗೆ ಕಟ್ಟದೆ ಮನೆಯ ಗಂಡಸರು ಪಾಲು ತೆಗೆದುಕೊಳ್ಳಲಿ. ಇಲ್ಲಿ ಕಲಿತು ಹೋಗಿ ಈಗ ಸಂಸಾರವನ್ನು ನಡೆಸುತ್ತಿರುವ ಹಳೆಯ ವಿದ್ಯಾರ್ಥಿನಿಯರಿಗೂ ಒಂದು ಮಾತು: ಶಾಲೆಯನ್ನು ಬಿಟ್ಟು ಎಷ್ಟೋ ವರ್ಷಗಳಾದುವೆಂದು ನೀವು ಹೇಳುವಿರಿ. ಆ ಶಬ್ದದ ಹಳೆಯ ಅರ್ಥವನ್ನು ಹಿಡಿದರೆ, ಮಧ್ಯಾಹ್ನ ನಿಮಗಾಗಿಯೇ ಒಂದು ಪುಸ್ತಕವನ್ನು ತೆರೆದು ಕುಳಿತುಕೊಳ್ಳುವ ದಿನ ನೀವು ಪುನಃ ಸ್ಕೂಲಿಗೆ ಸೇರಿದಂತೆಯೇ ಸರಿ. ಅದಕ್ಕೆ ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲವೆಂದು ನಾವು ತಿಳಿಯುತ್ತೇವೆ.