"ರಕ್ತ ಕಮ್ಮಿ ಇದೆ" ಅಂದರೆ ಸಾಲದು, ಯಾಕೆ ಕಮ್ಮಿ ಅಂತ ಹೇಳಿ

ನಮ್ಮ ಹೆಣ್ಣುಮಕ್ಕಳು ಜ್ವರ ಅಂತ ಹೋಗಲಿ, ಹೆರಿಗೆ ಅಂತ ಹೋಗಲಿ, ಆಸ್ಪತ್ರೆ ವಾರ್ಡಿನಲ್ಲಿ ಕೇಳೋ ಮೊದಲ ಮಾತು "ರಕ್ತ ಕಮ್ಮಿ ಇದೆ". ಎರಡನೇದು "ಸೊಪ್ಪು ತಿನ್ನೋಕೆ ಆಗಲ್ವೇನಮ್ಮ?" ಅನ್ನೋ ಗದರಿಕೆ. ಮೂರನೇದು ಕಬ್ಬಿಣದ ಮಾತ್ರೆ. ಅಲ್ಲಿಗೆ ಮುಗೀತು.

ಯಾಕೆ ಕಮ್ಮಿ ಅಂತ ನೋಡೋರು ಯಾರು?

ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂ, ಗರ್ಭಿಣಿಗೆ 11 ಇರಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ ಶೇ. 57, ಕರ್ನಾಟಕದಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆ. ಅತಿ ಹೆಚ್ಚು ಇರೋದು ಆದಿವಾಸಿ ಹೆಂಗಸರಲ್ಲಿ. ನಮ್ಮ ದಲಿತ ಹೆಂಗಸರೂ ಅವರ ಹಿಂದೇನೇ ಇದ್ದಾರೆ.

ಹಿಮೋಗ್ಲೋಬಿನ್ ಅಂಕಿ ಎಷ್ಟು ಕಮ್ಮಿ ಅಂತಷ್ಟೇ ಹೇಳುತ್ತೆ. ಕಾರಣದ ಸುಳಿವು ಸಿಬಿಸಿ ರಿಪೋರ್ಟಿನಲ್ಲೇ ಇರುತ್ತೆ. ಅದರಲ್ಲಿ ಎಂಸಿವಿ ಅಂತ ಒಂದು ಸಾಲು ಇದೆ, ಅದು ಕೆಂಪು ರಕ್ತಕಣದ ಗಾತ್ರ. 80ಕ್ಕಿಂತ ಕಮ್ಮಿ ಇದ್ದರೆ ಕಬ್ಬಿಣದ ಕೊರತೆ ಇರಬಹುದು, ಥಲಸ್ಸೇಮಿಯಾನೂ ಇರಬಹುದು. 100 ದಾಟಿದ್ದರೆ ಬಿ12 ಅಥವಾ ಫೋಲೇಟ್ ಕೊರತೆ ಇದೆಯಾ ನೋಡಬೇಕು. ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತಿಳಿಸೋದು ಫೆರಿಟಿನ್ ಪರೀಕ್ಷೆ. ಸೋಂಕು ಇರೋ ರೋಗಿಯಲ್ಲಿ ಅದು ಸುಳ್ಳೇ ಜಾಸ್ತಿ ತೋರಿಸಬಹುದು, ಹಾಗಾಗಿ ಡಾಕ್ಟರು ಎಲ್ಲಾನೂ ಜೊತೆಗಿಟ್ಟು ನೋಡಬೇಕು. ಚಾಮರಾಜನಗರ, ಮೈಸೂರು, ಕೊಡಗಿನ ಹಾಡಿಗಳಿಂದ ಬಂದವರಿಗೆ ಸಿಕಲ್ ಸೆಲ್ ಪರೀಕ್ಷೆ ಆಗಲೇಬೇಕು. ಇದ್ಯಾವುದನ್ನೂ ನೋಡದೆ ಎಲ್ಲರಿಗೂ ಅದೇ ಮಾತ್ರೆ ಕೊಟ್ಟರೆ ಹೇಗೆ?

ನಮ್ಮ ಕೇರಿಯ ಅಕ್ಕ ಒಬ್ಬರು ಪೌರಕಾರ್ಮಿಕರು. ಒಂದೇ ವರ್ಷದಲ್ಲಿ ಎರಡು ಸಲ ಅಡ್ಮಿಟ್ ಆಗಿ ರಕ್ತ ಹಾಕಿಸಿಕೊಂಡರು. ತಿಂಗಳ ಮುಟ್ಟಿನಲ್ಲಿ ಹತ್ತು ದಿನ ರಕ್ತ ಹೋಗುತ್ತೆ ಅನ್ನೋದನ್ನ ಯಾರೂ ಕೇಳಲಿಲ್ಲ, ಇವರು ನಾಚಿಕೆಯಿಂದ ಹೇಳಲಿಲ್ಲ. ಕೊಕ್ಕೆಹುಳ ಬರಿಗಾಲಿನ ಚರ್ಮದಿಂದಲೇ ಮೈಗೆ ಸೇರಿ ಕರುಳಲ್ಲಿ ರಕ್ತ ಹೀರುತ್ತೆ. ಬರಿಗಾಲಲ್ಲಿ ಮಣ್ಣಲ್ಲಿ, ಹೊಲಸಲ್ಲಿ ದುಡಿಯೋರು ಯಾರು ಅಂತ ನಾನು ಬೇರೆ ಹೇಳಬೇಕಾ?

ಇನ್ನು ಸೊಪ್ಪಿನ ಉಪದೇಶ. ಸೊಪ್ಪು ಒಳ್ಳೇದೇ. ಆದರೆ ಸೊಪ್ಪಿನ ಕಬ್ಬಿಣಕ್ಕಿಂತ ಬಾಡಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತೆ, ಇದು ವೈದ್ಯಶಾಸ್ತ್ರದ ಮಾತು. ಬಡವರಿಗೆ ಕಮ್ಮಿ ಬೆಲೆಗೆ ಸಿಗ್ತಿದ್ದ ದನದ ಬಾಡಿನ ಮೇಲೆ 2020ರಲ್ಲಿ ಕಾಯ್ದೆ ತಂದರು. 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲಾಮಕ್ಕಳಿಗೆ ಮೊಟ್ಟೆ ಕೊಟ್ಟಾಗ ಕೆಲವು ಮಠಾಧೀಶರು ವಿರೋಧ ಮಾಡಿದರು. ತಟ್ಟೆಯಿಂದ ಕಿತ್ತುಕೊಳ್ಳೋದೂ ಇವರೇ, ತಿನ್ನಲ್ಲ ಅಂತ ಬೈಯೋದೂ ಇವರೇ.

ನಾನು ಗುಮಾಸ್ತ. ಕಾರಣ ಬರೆಯದ ಫೈಲು ನಮ್ಮ ಆಫೀಸಿನಲ್ಲಿ ಮುಂದಕ್ಕೆ ಹೋಗಲ್ಲ. ಒಬ್ಬ ಹೆಂಗಸಿನ ಕೇಸ್‌ಶೀಟ್ ಮಾತ್ರ ಕಾರಣ ಇಲ್ಲದೇ ಡಿಸ್ಚಾರ್ಜ್ ತನಕ ಹೋಗುತ್ತೆ.

ಗೆಳೆಯರೇ, ಆಸ್ಪತ್ರೆಗೆ ಯಾರ ಜೊತೆಗಾದರೂ ಹೋದರೆ ಮೂರು ಕೆಲಸ ಮಾಡಿ. ಸಿಬಿಸಿ ರಿಪೋರ್ಟಿನ ನಕಲು ಕೇಳಿ ಇಟ್ಟುಕೊಳ್ಳಿ. "ಕಾರಣ ಏನು, ಮುಂದಿನ ಪರೀಕ್ಷೆ ಯಾವುದು" ಅಂತ ಡಾಕ್ಟರನ್ನ ಮರ್ಯಾದೆಯಿಂದಲೇ, ಆದರೆ ಬಿಡದೆ ಕೇಳಿ. ಹೊರಗಡೆ ಲ್ಯಾಬಿಗೆ ಚೀಟಿ ಬರೆದರೆ, ಇಲ್ಲೇ ಯಾಕೆ ಆಗಲ್ಲ ಅಂತ ಆಡಳಿತಾಧಿಕಾರಿಗೆ ಲಿಖಿತ ಅರ್ಜಿ ಕೊಡಿ. ಅರ್ಜಿ ಬರೆಯೋಕೆ ಬರದಿದ್ದರೆ ನನಗೆ ಹೇಳಿ, ನಾನು ಬರೆದುಕೊಡ್ತೀನಿ.

ಜೈ ಭೀಮ್.