ಕೋಟೆಗುಡ್ಡ ಹತ್ತುವವರಲ್ಲಿ ಕಳಕಳಿಯ ಮನವಿ

ಯಾದಗಿರಿಯ ಕೋಟೆಗುಡ್ಡ ಊರಿಗೆ ಅಂಟಿಕೊಂಡೇ ಎದ್ದಿರುವ ಬಂಡೆಗುಡ್ಡ. ಉದ್ದ ಸುಮಾರು 850 ಮೀಟರ್, ಅಗಲ 500 ಮೀಟರ್. ನೆತ್ತಿ ಸುತ್ತಲಿನ ನೆಲದಿಂದ 100 ಮೀಟರಿನಷ್ಟು ಮೇಲಿದೆ. ಅಂಕಿ ಕೇಳಿದರೆ ಸಣ್ಣದೆನಿಸುತ್ತದೆ, ಆದರೆ ಏರು ಕಡಿದು. ದಾರಿ ಬಂಡೆಯ ಮೈಗೆ ಅಂಟಿಕೊಂಡು, ಅಗಸಿಗಳನ್ನು ದಾಟುತ್ತ, ತಿರುತಿರುಗಿ ಮೇಲೇರುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದಿಂದ ಯಾದವರು, ಬಹಮನಿಗಳು, ಆದಿಲ್‌ಶಾಹಿಗಳವರೆಗೆ ಹಲವು ಆಳ್ವಿಕೆಗಳು ಈ ಕೋಟೆಯನ್ನು ಕಟ್ಟಿ ಬಲಪಡಿಸಿವೆ. ಮೇಲಿನ ಬುರುಜಿನ ಹತ್ತಿರ ನಿಂತವರಿಗೆ ಭೀಮೆಯ ಹರಿವು, ಮುಂಬೈ–ಚೆನ್ನೈ ರೈಲುದಾರಿ, ತೊಗರಿ, ಹತ್ತಿ ಬೆಳೆಯುವ ಎರೆಹೊಲಗಳು ಒಟ್ಟಿಗೇ ಕಾಣುತ್ತವೆ.

ಜಿಲ್ಲೆಯಲ್ಲಿ ಇಂಥ ಗುಡ್ಡ ಇದೊಂದೇ ಅಲ್ಲ. ಶಹಾಪುರ ಊರೇ ಗುಡ್ಡದ ಬುಡದಲ್ಲಿದೆ. ಮೇಲೆ ಹಳೆಯ ಕೋಟೆಯಿದೆ. ಸುರಪುರದ ಸುತ್ತಲೂ ಗುಡ್ಡಗಳೇ. ಅವುಗಳಲ್ಲೊಂದರ ಮೇಲೆ 19ನೇ ಶತಮಾನದ ನಡುಭಾಗದಲ್ಲಿ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಕಟ್ಟಿಸಿದ ಟೇಲರ್ ಮಂಜಿಲ್ ಇದೆ. ಊರಿನ ಪಶ್ಚಿಮಕ್ಕೆ ಸುರಪುರದ ನಾಯಕ ಅರಸರ ಹಳೆಯ ನೆಲೆ ವಾಗಿನಗೇರಿ. ಇವುಗಳನ್ನು ನೋಡಲು ದೂರದವರು ಬರುತ್ತಾರೆ. ಊರಿನವರೂ ಹತ್ತಬೇಕು, ಮಕ್ಕಳನ್ನು ಹತ್ತಿಸಬೇಕು. ಹತ್ತುವವರು ಗುಡ್ಡದ ಮೇಲಿನ ನೀರಿನ ಹೊಂಡಗಳನ್ನೂ ಕಲ್ಲನ್ನೂ ಕೆಡಿಸದೆ ಇಳಿದು ಬರಬೇಕೆಂಬುದೇ ಈ ಮನವಿ.

ನೀರಿನ ಮಾತನ್ನು ಮೊದಲು ಹೇಳಲು ಕಾರಣವಿದೆ. ಬಿಸಿಲನಾಡಿನ ಬೋಳು ಬಂಡೆಯ ಮೇಲೆ ಕೋಟೆ ಬದುಕಿದ್ದು ಮಳೆನೀರಿನಿಂದ. ಕಣಶಿಲೆಯ ಹಾಸುಬಂಡೆ ನೀರನ್ನು ಒಳಗೆ ಹೆಚ್ಚು ಎಳೆದುಕೊಳ್ಳುವುದಿಲ್ಲ. ಬಿದ್ದ ಮಳೆ ಇಳಿಜಾರು ಹಿಡಿದು ಹರಿಯುತ್ತದೆ. ಒಂದು ಎಕರೆ ಹಾಸುಬಂಡೆಯ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ ಅದು ಹೆಚ್ಚುಕಡಿಮೆ 40,000 ಲೀಟರ್ ನೀರು. ಕೋಟೆ ಕಟ್ಟಿದವರಿಗೆ ಈ ಲೆಕ್ಕ ಕೈಯನುಭವದಿಂದಲೇ ಗೊತ್ತಿತ್ತು. ದಖ್ಖನಿನ ಗಿರಿದುರ್ಗಗಳಲ್ಲಿ ಗೋಡೆಗೆ ಕಲ್ಲು ತೆಗೆದ ಗುಂಡಿಯೇ ಹೊಂಡವಾಗುವುದುಂಟು. ಇಳಿಜಾರಿನ ತುದಿಗೆ ಒಡ್ಡು ಕಟ್ಟಿ, ಬಂಡೆಯ ಮೈಯಲ್ಲಿ ಸಣ್ಣ ಕಾಲುವೆ ಕೊರೆದು, ಹರಿವನ್ನು ಅಲ್ಲಿಗೆ ತಿರುಗಿಸುತ್ತಿದ್ದರು. ಇಂಥ ಕಾಲುವೆ ಎಷ್ಟೋ ಕಡೆ ಗೇಣಗಲ ಮಾತ್ರ. ಒಂದು ಪ್ಲಾಸ್ಟಿಕ್ ಚೀಲ ಅದರ ಬಾಯಿಗೆ ಸಿಕ್ಕಿಕೊಂಡರೂ ನೀರು ದಾರಿ ತಪ್ಪಿ ಗುಡ್ಡದ ಕೆಳಗೆ ಹರಿದುಹೋಗುತ್ತದೆ, ಹೊಂಡ ಒಣಗುತ್ತದೆ.

ನೀರಿನ ಬೆಲೆ ಏನೆಂಬುದನ್ನು ವಾಗಿನಗೇರಿಯ ಚರಿತ್ರೆ ಹೇಳುತ್ತದೆ. 1705ರ ಫೆಬ್ರುವರಿಯಲ್ಲಿ ಔರಂಗಜೇಬ್ ತಾನೇ ಬಂದು ಈ ಕೋಟೆಗೆ ಮುತ್ತಿಗೆ ಹಾಕಿದ. ಆಗ ಅವನ ವಯಸ್ಸು 86. ಅವನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಪಿಡ್ಡ ನಾಯಕನ ಬೇಡರ ಪಡೆ ವಾರಗಟ್ಟಲೆ ಮೊಗಲರನ್ನು ತಡೆದು ನಿಲ್ಲಿಸಿತು. ಮೊಗಲ ಸೇನಾನಿ ಜುಲ್ಫಿಕರ್ ಖಾನ್ ಬಂದ ಮೇಲೆ, ಕೋಟೆಯವರು ನೀರು ಸೇದುತ್ತಿದ್ದ ಬಾವಿಗಳು ಮೊಗಲರ ವಶವಾದವು. ಏಪ್ರಿಲ್ ಕೊನೆಗೆ ನಾಯಕ ತನ್ನವರೊಂದಿಗೆ ತಪ್ಪಿಸಿಕೊಂಡು ಹೋದ. ಮೊಗಲರ ಕೈಗೆ ಸಿಕ್ಕಿದ್ದು ಖಾಲಿ ಕೋಟೆ. ಅಂದು ಜೀವ ಪಣಕ್ಕಿಟ್ಟು ಕಾಯ್ದುಕೊಂಡ ನೀರಿನ ನೆಲೆಗಳಿಗೆ ಇಂದು ಖಾಲಿ ಬಾಟಲಿ ಎಸೆಯುವುದು ಮನಸ್ಸಿಗೆ ನೋವು ತರುವ ಸಂಗತಿ.

ಆದ್ದರಿಂದ ಮೇಲೆ ಒಯ್ದ ಬಾಟಲಿ, ಚುರುಮುರಿಯ ಪೊಟ್ಟಣ, ಗುಟ್ಕಾದ ಚೀಟು, ಪೂಜೆಯ ಹೂವಿನ ಪ್ಲಾಸ್ಟಿಕ್ ಚೀಲ ಎಲ್ಲವೂ ಒಯ್ದವರ ಕೈಯಲ್ಲೇ ಕೆಳಗೆ ಬರಬೇಕು. ಹೊಂಡಗಳಲ್ಲಿ ಸಾಬೂನು ಹಚ್ಚಿ ತೊಳೆಯಬಾರದು. ಬೇಸಿಗೆಯಲ್ಲಿ ನವಿಲು, ಮಂಗ, ಮೇಯಲು ಬಂದ ಕುರಿ-ಮೇಕೆಗಳಿಗೆ ಅದೇ ನೀರು. ಹೂಳು ತೆಗೆಯಬೇಕೆಂದು ಹುರುಪಿನಿಂದ ಹೊರಡುವ ಯುವಕ ಸಂಘಗಳಿಗೂ ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳಿಗೂ ಒಂದು ವಿನಂತಿ: ಪುರಾತತ್ವ ಇಲಾಖೆಯ ಒಪ್ಪಿಗೆ ಪಡೆದು, ಬಲ್ಲವರನ್ನು ಜೊತೆಗಿಟ್ಟುಕೊಂಡೇ ಆ ಕೆಲಸ ಆಗಬೇಕು. ಹೂಳಿನಲ್ಲಿ ಹಳೆಯ ಮಡಕೆ ಚೂರು, ನಾಣ್ಯ, ಗುಂಡು ಸಿಗಬಹುದು. ಯಾವ ಪದರದಲ್ಲಿ ಸಿಕ್ಕಿತೆಂಬುದು ತಿಳಿಯದೆ ಅಗೆದು ಚೆಲ್ಲಿದರೆ ಅವು ಹೇಳಬೇಕಾದ ಕಥೆಯೇ ಅಳಿಸಿಹೋಗುತ್ತದೆ. ಮೇಲ್ಗಡೆಯ ಕಸ ಹೆಕ್ಕುವುದಕ್ಕಾದರೆ ಇಷ್ಟು ಯೋಚನೆ ಬೇಕಿಲ್ಲ.

ಬಂಡೆಗೂ ಅಗಸಿಯ ಕಲ್ಲಿಗೂ ಹೆಸರು ಬರೆಯುವ ಚಾಳಿ ನಿಲ್ಲಬೇಕು. ಒರಟು ಕಣಶಿಲೆಯ ಸಂದುಗಳಿಗೆ ಇಳಿದ ಎಣ್ಣೆಬಣ್ಣ ಸುಲಭವಾಗಿ ಹೋಗದು; ತೆಗೆಯಲು ಬಳಸುವ ಆಮ್ಲ, ಉಜ್ಜುವ ತಂತಿ ಬ್ರಷ್‌ ಕಲ್ಲನ್ನೇ ತಿನ್ನುತ್ತವೆ. ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ಸ್ಮಾರಕವನ್ನು ವಿರೂಪಗೊಳಿಸಿದವರಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, 2010ರ ತಿದ್ದುಪಡಿಯಂತೆ, ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ದಂಡದ ಭಯಕ್ಕಿಂತ ಜೊತೆಗಿದ್ದ ಗೆಳೆಯನ ಒಂದು ಮಾತು ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಹತ್ತುವವರ ಜೀವವೂ ಗುಡ್ಡದಷ್ಟೇ ಮುಖ್ಯ. ನವೆಂಬರ್‌ನಿಂದ ಫೆಬ್ರುವರಿವರೆಗೆ ಹತ್ತಲು ಒಳ್ಳೆಯ ಕಾಲ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಗಲೆಲ್ಲ ಕಾದ ಬಂಡೆ ಸಂಜೆಯೂ ಝಳ ಬಿಡುತ್ತದೆ. ಆ ದಿನಗಳಲ್ಲಿ ಹತ್ತಲೇಬೇಕಿದ್ದರೆ ನಸುಕಿನಲ್ಲಿ ಹೊರಟು, ಬಿಸಿಲೇರುವ ಮೊದಲೇ ಇಳಿಯಬೇಕು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಹಾಸುಬಂಡೆ ಜಾರುತ್ತದೆ, ಏರುವಾಗಿನದಕ್ಕಿಂತ ಇಳಿಯುವಾಗ ಹೆಚ್ಚು. ಬುರುಜಿನ ಅಂಚಿನಲ್ಲಿ ಸೆಲ್ಫಿ ಬೇಡ. ಗಾರೆ ಉದುರಿದ ಹಳೆಯ ಗೋಡೆಯ ಕಲ್ಲು ಮೇಲೆ ಭಾರ ಬಿದ್ದಾಗ ಕದಲಬಹುದು. ಕೊರಕಲಿನ ಅಡಿ ಹೆಜ್ಜೇನು ಕಟ್ಟಿದ್ದರೆ ಬೀಡಿ-ಸಿಗರೇಟು, ಪಟಾಕಿ, ಜೋರು ಹಾಡು ಅಪಾಯ ತರುತ್ತವೆ. ಚಳಿಗಾಲ ಕಳೆದ ಮೇಲೆ ಒಣಹುಲ್ಲಿಗೆ ಒಂದು ಕಿಡಿ ಸಾಕು, ಸೀತಾಫಲದ ಗಿಡಗಳ ಸಮೇತ ಗುಡ್ಡದ ಮೈ ಸುಟ್ಟುಹೋಗುತ್ತದೆ. ಒಬ್ಬರೇ ಹೋಗದೆ, ಮನೆಯಲ್ಲಿ ಹೇಳಿ ಹೋಗಬೇಕು. ಅವಘಡವಾದರೆ 112 ಅಥವಾ 108ಕ್ಕೆ ಕರೆ ಮಾಡಬೇಕು.

ಶಹಾಪುರದ ಬುದ್ಧ ಮಲಗಿದ ಬೆಟ್ಟದ ಸಂಗತಿ ತುಸು ಬೇರೆ. ಭೀಮರಾಯನಗುಡಿಯ ಕಡೆಯ ರಸ್ತೆಯಿಂದ ನೋಡಿದರೆ ಮುಗಿಲಿಗೆ ಮುಖಮಾಡಿ ಮಲಗಿದ ಬುದ್ಧನಂತೆ ಕಾಣುವ ಈ ಆಕಾರವನ್ನು ಯಾರೂ ಕಡೆದಿಲ್ಲ. ಬೇರೆ ಬೇರೆ ಗುಡ್ಡಗಳ ಅಂಚುಗಳು ದೂರದ ಕಣ್ಣಿಗೆ ಒಂದಾಗಿ ಕೂಡಿದಾಗ ಅದು ಮೂಡುತ್ತದೆ. ಗುಡ್ಡದ ಮೇಲೆ ನಿಂತವರಿಗೆ ಕಾಣುವುದು ಬರಿಯ ಬಂಡೆಗಳೇ. ಯಾವ ಬಂಡೆ ಮೂಗು, ಯಾವುದು ಹಣೆ ಎಂದು ಅಲ್ಲಿ ತಿಳಿಯದು. ಹೀಗಾಗಿ ಆ ಸಾಲಿನ ಯಾವ ಬಂಡೆಯನ್ನು ಒಡೆದರೂ ಆಕಾರ ಕೆಡಬಹುದು, ಕೆಟ್ಟದ್ದನ್ನು ಮತ್ತೆ ಕೂಡಿಸಲು ಬಾರದು. ಇಲ್ಲಿ ಹತ್ತುವವರ ಎಚ್ಚರವೊಂದೇ ಸಾಲದು. ಊರವರ ಕಾವಲೂ ಬೇಕು. ಈ ಸಾಲಿನಲ್ಲಾಗಲಿ, ಯಾದಗಿರಿ-ಸುರಪುರದ ಕೋಟೆಗುಡ್ಡಗಳಲ್ಲಾಗಲಿ ಕಲ್ಲು ಒಡೆಯುವುದು ಕಂಡರೆ, ಜಾಗ ಮತ್ತು ದಿನಾಂಕ ಬರೆದು, ಫೋಟೊ ಇಟ್ಟು, ತಹಶೀಲ್ದಾರರಿಗೂ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಬರಹದಲ್ಲಿ ದೂರು ಕೊಡಬೇಕು. ಬಾಯಿಮಾತಿನ ದೂರು ಕಡತಕ್ಕೆ ಏರುವುದಿಲ್ಲ. ಬರೆದುಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆದಿದ್ದರೆ ಮುಂದೇನಾಯಿತೆಂದು ಮಾಹಿತಿ ಹಕ್ಕಿನಡಿ ಕೇಳಲು ದಾರಿ ಇರುತ್ತದೆ.